ಬಿಡುವಿನಲ್ಲಿ ಕಣ್ಣು ಏನು ಮಾಡುತ್ತದೆ?

"ಸಾಕು, ಆ ಮೊಬೈಲು ಕೆಳಗಿಡು" ಎಂಬ ಮಾತು ಕೇಳದ ಮನೆ ಈಗ ಸಿಗುವುದು ಕಷ್ಟ. "ಇನ್ನೈದೇ ನಿಮಿಷ" ಎಂಬ ಉತ್ತರವೂ ಅಷ್ಟೇ. ಯಾಕೆ ಕೆಳಗಿಡಬೇಕು ಅಂತ ಕೇಳಿದರೆ "ಕಣ್ಣು ಹಾಳಾಗುತ್ತೆ" ಎನ್ನುತ್ತಾರೆ, ಅಲ್ಲಿಗೆ ಮಾತು ಮುಗಿಯುತ್ತದೆ. ಆದರೆ ನಿಮಗೆ ಇನ್ನೂ ಕೇಳಬೇಕು ಅನ್ನಿಸುತ್ತದೆ, ಅಲ್ಲವೇ? ಪರದೆ ನೋಡುವಾಗ ಕಣ್ಣಿನೊಳಗೆ ಏನು ನಡೆಯುತ್ತಿರುತ್ತದೆ? ಸ್ವಲ್ಪ ಹೊತ್ತು ಬಿಡುವು ಕೊಟ್ಟರೆ ಯಾವುದು ಸರಿಹೋಗುತ್ತದೆ? ಎಷ್ಟು ಬಿಡುವು ಸಾಕು?

ಕೇಳಲೇಬೇಕಾದ ಪ್ರಶ್ನೆಗಳಿವು. ಬಿಡುವು ಅಂದರೆ ಏನೂ ಮಾಡದ ಹೊತ್ತು ಎಂದು ನಾವು ಅಂದುಕೊಂಡಿರುತ್ತೇವೆ. ನಮ್ಮ ಮೈಯ ಲೆಕ್ಕವೇ ಬೇರೆ. ನೀವು ಪರದೆಯಿಂದ ಮುಖ ಎತ್ತಿದ ಕೂಡಲೇ ಕಣ್ಣಿನಲ್ಲೂ ಮಿದುಳಿನಲ್ಲೂ ಹಿಂದೆ ಬಿದ್ದಿದ್ದ ಎಷ್ಟೋ ಕೆಲಸಗಳು ಮತ್ತೆ ಶುರುವಾಗುತ್ತವೆ. ಅವನ್ನು ಒಂದೊಂದಾಗಿ ನೋಡೋಣ ಬನ್ನಿ. ಇದಕ್ಕೆ ಪ್ರಯೋಗಶಾಲೆ ಬೇಡ. ಒಂದು ಕಿಟಕಿ, ಸೆಕೆಂಡಿನ ಮುಳ್ಳಿರುವ ಒಂದು ಗಡಿಯಾರ, ಜೊತೆಗೆ ಒಬ್ಬರು ಗೆಳೆಯರಿದ್ದರೆ ಸಾಕು.

ರೆಪ್ಪೆಯ ಲೆಕ್ಕ

ಮೊದಲ ಪ್ರಯೋಗ ಗೆಳೆಯನ ಮೇಲೋ ಅಕ್ಕನ ಮೇಲೋ ಆಗಲಿ. ಏನು ಎಣಿಸುತ್ತಿದ್ದೀರಿ ಅಂತ ಅವರಿಗೆ ಹೇಳಬೇಡಿ. ಹೇಳಿದರೆ ಅವರ ಗಮನ ರೆಪ್ಪೆಯ ಮೇಲೆ ಹೋಗಿ ಲೆಕ್ಕ ಕೆಡುತ್ತದೆ. ಊರ ಜಾತ್ರೆಯ ಬಗ್ಗೆಯೋ ನಿನ್ನೆಯ ಮ್ಯಾಚಿನ ಬಗ್ಗೆಯೋ ಮಾತಾಡುತ್ತಾ, ಒಂದು ನಿಮಿಷದಲ್ಲಿ ಅವರು ಎಷ್ಟು ಸಲ ರೆಪ್ಪೆ ಬಡಿಯುತ್ತಾರೆ ಎಂದು ಮನಸ್ಸಿನಲ್ಲೇ ಎಣಿಸಿ. ಆಮೇಲೆ ಅವರು ಮೊಬೈಲಿನಲ್ಲಿ ವಿಡಿಯೊ ನೋಡುವಾಗ ಪಕ್ಕದಲ್ಲಿ ಕೂತು ಮತ್ತೊಂದು ನಿಮಿಷ ಎಣಿಸಿ.

ಎರಡೂ ಸಂಖ್ಯೆಗಳನ್ನು ಪಕ್ಕಪಕ್ಕ ಬರೆದು ನೋಡಿ. ಸಾಮಾನ್ಯವಾಗಿ ದೊಡ್ಡವರು ನಿಮಿಷಕ್ಕೆ 15ರಿಂದ 20 ಸಲ ರೆಪ್ಪೆ ಬಡಿಯುತ್ತಾರೆ. ಮಕ್ಕಳಲ್ಲಿ ಇದು ಸ್ವಲ್ಪ ಕಡಿಮೆ. ಪರದೆಯಲ್ಲಿ ಮುಳುಗಿದಾಗ ಇಬ್ಬರಲ್ಲೂ ಇದು ಇಳಿಯುತ್ತದೆ. ಕೆಲವರಲ್ಲಿ ಮೂರನೇ ಒಂದು ಪಾಲಿಗೆ ಇಳಿಯುವುದುಂಟು. ಇನ್ನೂ ಹತ್ತಿರದಿಂದ ಗಮನಿಸಿದರೆ ಮತ್ತೊಂದು ವಿಷಯ ಕಾಣುತ್ತದೆ. ಮೇಲಿನ ರೆಪ್ಪೆ ಅರ್ಧಕ್ಕೆ ಇಳಿದು, ಕೆಳಗಿನದನ್ನು ಮುಟ್ಟದೆಯೇ ಮೇಲಕ್ಕೆ ಹೋಗಿಬಿಡುತ್ತದೆ. ಕಣ್ಣಿನ ಮಟ್ಟಿಗೆ ಇದು ಅರ್ಧಕ್ಕೇ ಬಿಟ್ಟ ಕೆಲಸ.

ಅಷ್ಟಕ್ಕೂ ರೆಪ್ಪೆ ಬಡಿಯುವುದು ಯಾಕೆ? ಕಣ್ಣಿನ ಮುಂಭಾಗದಲ್ಲಿ ಕಾರ್ನಿಯಾ ಎಂಬ ಪಾರದರ್ಶಕ ಪದರವಿದೆ. ಅದರ ಮೇಲೆ ಯಾವಾಗಲೂ ಕಣ್ಣೀರಿನ ಒಂದು ತೆಳುವಾದ ಹೊದಿಕೆ ಇರುತ್ತದೆ. ನೀವು ಅಳದಿದ್ದರೂ ಇರುತ್ತದೆ. ಅದರ ದಪ್ಪ ಒಂದು ಮಿಲಿಮೀಟರಿನ ಸಾವಿರ ಭಾಗಗಳಲ್ಲಿ ಕೆಲವೇ ಭಾಗ, ತಲೆಗೂದಲಿಗಿಂತ ಎಷ್ಟೋ ತೆಳು. ಅಷ್ಟು ತೆಳುವಿನಲ್ಲೂ ಲೋಳೆ, ನೀರು, ಎಣ್ಣೆ ಎಲ್ಲವೂ ಇವೆ. ತಳದಲ್ಲಿ ಲೋಳೆ ಇದ್ದು ನೀರನ್ನು ಕಣ್ಣಿಗೆ ಅಂಟಿಸಿ ಹಿಡಿಯುತ್ತದೆ. ನಡುವೆ ನೀರು. ಎಲ್ಲಕ್ಕಿಂತ ಮೇಲೆ ಎಣ್ಣೆ, ನೀರು ಆರದಂತೆ ಕಾಯುವುದಕ್ಕೆ. ಕಾರ್ನಿಯಾದಲ್ಲಿ ರಕ್ತನಾಳಗಳಿಲ್ಲ. ಇದ್ದಿದ್ದರೆ ಅವು ಬೆಳಕಿಗೆ ಅಡ್ಡ ಬರುತ್ತಿದ್ದವು. ಹಾಗಾಗಿ ಅದು ತನಗೆ ಬೇಕಾದ ಆಮ್ಲಜನಕದ ಬಹುಪಾಲನ್ನು ಈ ಕಣ್ಣೀರಿನ ಮೂಲಕ ಗಾಳಿಯಿಂದಲೇ ಪಡೆಯುತ್ತದೆ.

ಎಣ್ಣೆ ಎಲ್ಲಿಂದ ಬರುತ್ತದೆ ಗೊತ್ತೇ? ಕನ್ನಡಿಯ ಮುಂದೆ ನಿಂತು ಒಳ್ಳೆಯ ಬೆಳಕಿನಲ್ಲಿ ಕೆಳಗಿನ ರೆಪ್ಪೆಯ ಅಂಚನ್ನು ನೋಡಿ. ಮುಟ್ಟಬೇಡಿ, ನೋಡಿದರೆ ಸಾಕು. ಕೂದಲಿನ ಸಾಲಿನ ಹಿಂದೆ, ಕಣ್ಣಿಗೆ ತಾಗಿದಂತೆ, ಸೂಜಿಮೊನೆಯಷ್ಟು ಸಣ್ಣ ಚುಕ್ಕಿಗಳ ಸಾಲು ಕಂಡರೂ ಕಾಣಬಹುದು. ಅವು ಎಣ್ಣೆಗ್ರಂಥಿಗಳ ಬಾಯಿಗಳು. ಮೇಲಿನ ರೆಪ್ಪೆಯೊಂದರಲ್ಲೇ ಇಂಥವು 25ಕ್ಕೂ ಹೆಚ್ಚಿವೆ. 17ನೇ ಶತಮಾನದಲ್ಲಿ ಇವುಗಳ ಬಗ್ಗೆ ವಿವರವಾಗಿ ಬರೆದ ಜರ್ಮನಿಯ ವೈದ್ಯ ಹೈನ್ರಿಖ್ ಮೈಬೋಮ್‌ನ ಹೆಸರಿನಿಂದ ಇವನ್ನು ಮೈಬೋಮಿಯನ್ ಗ್ರಂಥಿಗಳು ಎನ್ನುತ್ತಾರೆ. ರೆಪ್ಪೆ ಪೂರ್ತಿ ಮುಚ್ಚಿದಾಗ ಈ ಗ್ರಂಥಿಗಳಿಂದ ಒಂದಿಷ್ಟು ಎಣ್ಣೆ ಹೊರಬರುತ್ತದೆ. ರೆಪ್ಪೆ ಮೇಲೇಳುವಾಗ ಅದನ್ನು ಕಣ್ಣಿನ ತುಂಬ ಹರಡುತ್ತದೆ.

ಈಗ ಒಂದು ಸಣ್ಣ ಲೆಕ್ಕ. ನಿಮಿಷಕ್ಕೆ 15 ಸಲ ರೆಪ್ಪೆ ಬಡಿದರೆ 4 ಸೆಕೆಂಡಿಗೊಮ್ಮೆ ಹೊದಿಕೆ ಹೊಸದಾಗುತ್ತದೆ. ಅದೇ 5 ಸಲಕ್ಕೆ ಇಳಿದರೆ ಹೊಸದಾಗುವುದು 12 ಸೆಕೆಂಡಿಗೊಮ್ಮೆ. ಈ ಹೊದಿಕೆ ಹರಿಯದೆ ನಿಲ್ಲುವುದೇ ಸುಮಾರು 10 ಸೆಕೆಂಡು. ಕೆಲವರಲ್ಲಿ ಸ್ವಲ್ಪ ಹೆಚ್ಚು, ಕೆಲವರಲ್ಲಿ ಕಡಿಮೆ. ಹೊದಿಕೆ ಹರಿದ ಕಡೆ ಕಾರ್ನಿಯಾ ಒಣಗುತ್ತದೆ. ಅಲ್ಲಿರುವ ನರಗಳು ಬಹಳ ಸೂಕ್ಷ್ಮವಾದವು, ತಕ್ಷಣ ಮಿದುಳಿಗೆ ದೂರು ಕೊಡುತ್ತವೆ. ಆಗಲೇ ಕಣ್ಣುರಿ, ಮರಳು ಬಿದ್ದಂತೆ ಚುಚ್ಚುವುದು, ಮಂಜು ಕವಿದಂತಾಗುವುದು. ಕೆಲವೊಮ್ಮೆ ಕಣ್ಣಲ್ಲಿ ಒಮ್ಮೆಲೇ ನೀರು ಸುರಿಯುತ್ತದೆ. ಒಣಗಿದ ಕಣ್ಣಿನಲ್ಲಿ ನೀರು ಯಾಕೆ? ದೂರು ಕೇಳಿದ ಮಿದುಳು ಕಣ್ಣೀರು ಗ್ರಂಥಿಗೆ "ನೀರು ಬಿಡು" ಎಂದಿರುತ್ತದೆ, ಅದಕ್ಕೆ. ಆದರೆ ಹಾಗೆ ಬಂದ ನೀರಿನಲ್ಲಿ ಎಣ್ಣೆ ಸಾಕಷ್ಟಿಲ್ಲದ ಕಾರಣ ಅದು ನಿಲ್ಲದೆ ಕೆನ್ನೆಗೆ ಇಳಿದು ಹೋಗುತ್ತದೆ.

ಬಿಡುವಿನಲ್ಲಿ ಕಣ್ಣು ಮಾಡುವ ಮೊದಲ ಕೆಲಸ ಇದೇ, ಹರಿದ ಹೊದಿಕೆಯನ್ನು ಮತ್ತೆ ಹೊದೆಯುವುದು. ನೀವು ಸಹಾಯ ಮಾಡಬಹುದು. ಮುಖ ಎತ್ತಿ, ಅವಸರವಿಲ್ಲದೆ, ಎರಡೂ ರೆಪ್ಪೆ ಮುಟ್ಟುವ ಹಾಗೆ ಹತ್ತು ಸಲ ಕಣ್ಣು ಮುಚ್ಚಿ ತೆರೆಯಿರಿ. ಫ್ಯಾನಿನ ಗಾಳಿ ನೇರ ಮುಖಕ್ಕೆ ಬಡಿಯುವಲ್ಲಿ ಕೂತಿದ್ದರೆ ಜಾಗ ಬದಲಿಸಿ, ಗಾಳಿಗೆ ಕಣ್ಣೀರು ಬೇಗ ಆರುತ್ತದೆ.

ಕಿಟಕಿಯ ಜಾಲರಿ, ಆಚೆಗಿನ ಮರ

ಎರಡನೆಯ ಪ್ರಯೋಗಕ್ಕೆ ಸೊಳ್ಳೆ ಜಾಲರಿ ಹಾಕಿದ ಕಿಟಕಿ ಬೇಕು. ಜಾಲರಿಯಿಂದ ಒಂದು ಗೇಣು ದೂರದಲ್ಲಿ ನಿಂತು, ಒಂದು ಕಣ್ಣು ಮುಚ್ಚಿ, ಹೊರಗಿನ ತೆಂಗಿನ ಮರವನ್ನೋ ದೂರದ ನೀರಿನ ಟ್ಯಾಂಕನ್ನೋ ನೋಡಿ. ಮರದ ಗರಿಗಳು ಸ್ಪಷ್ಟವಾಗಿ ಕಾಣುತ್ತವೆ, ಜಾಲರಿ ಇದ್ದೂ ಇಲ್ಲದಂತಾಗುತ್ತದೆ. ಈಗ ನಿಂತಲ್ಲೇ ನಿಂತು ಜಾಲರಿಯ ಒಂದು ಎಳೆಯನ್ನು ನೋಡಿ. ಎಳೆ ಎದ್ದು ಕಾಣುತ್ತದೆ, ಮರ ಹಸಿರು ಮಸುಕಾಗಿಬಿಡುತ್ತದೆ. ಎರಡನ್ನೂ ಒಟ್ಟಿಗೆ ಸ್ಪಷ್ಟವಾಗಿ ನೋಡಲು ಪ್ರಯತ್ನಿಸಿ. ಆಗುವುದೇ ಇಲ್ಲ!

ಮರ ಕದಲಲಿಲ್ಲ, ಜಾಲರಿಯೂ ಕದಲಲಿಲ್ಲ, ನೀವೂ ಕದಲಲಿಲ್ಲ. ಹಾಗಾದರೆ ಬದಲಾದದ್ದು ಏನು? ಇನ್ನೂರು ವರ್ಷಗಳ ಹಿಂದೆ ಇಂಗ್ಲೆಂಡಿನ ಥಾಮಸ್ ಯಂಗ್ ಎಂಬ ವಿಜ್ಞಾನಿಯನ್ನೂ ಈ ಪ್ರಶ್ನೆ ಕಾಡಿತ್ತು. ಕಣ್ಣಿನ ಮುಂಭಾಗದ ಕಾರ್ನಿಯಾ ತನ್ನ ಆಕಾರ ಬದಲಿಸುತ್ತದೆ ಎಂದು ಆಗ ಕೆಲವರು ವಾದಿಸುತ್ತಿದ್ದರು. ಯಂಗ್ ಒಂದು ಉಪಾಯ ಹೂಡಿದ. ನೀರಿನೊಳಗೆ ಕಾರ್ನಿಯಾಕ್ಕೆ ಬೆಳಕನ್ನು ಬಾಗಿಸುವ ಶಕ್ತಿ ಬಹುಮಟ್ಟಿಗೆ ಹೋಗಿಬಿಡುತ್ತದೆ. ಹಾಗಾಗಿ ಅವನು ಒಂದು ಪುಟ್ಟ ಕೊಳವೆಗೆ ಮಸೂರ ಕೂರಿಸಿ, ನೀರು ತುಂಬಿ, ಅದನ್ನು ತನ್ನ ಕಣ್ಣಿಗೇ ಒತ್ತಿ ಹಿಡಿದ. ಕಾರ್ನಿಯಾದ ಆಟ ಅಲ್ಲಿಗೆ ನಿಂತಿತು. ಆದರೂ ಅವನ ಕಣ್ಣು ಹತ್ತಿರದ್ದಕ್ಕೂ ದೂರದ್ದಕ್ಕೂ ಹೊಂದಿಕೊಳ್ಳುವುದನ್ನು ಬಿಡಲಿಲ್ಲ. ಅಂದಮೇಲೆ ಬದಲಾಗುತ್ತಿರುವುದು ಕಣ್ಣಿನೊಳಗಿನ ಮಸೂರ ಎಂದು ಅವನು ತೀರ್ಮಾನಿಸಿದ. 1801ರಲ್ಲಿ ಇದನ್ನು ಪ್ರಕಟಿಸಿದಾಗ ಅವನು ಇನ್ನೂ ತರುಣ. ಈ ಪ್ರಯೋಗವನ್ನು ಮಾತ್ರ ನೀವು ಮಾಡಹೋಗಬೇಡಿ, ನಿಮಗೆ ಜಾಲರಿ ಸಾಕು.

ಮಸೂರದ ಆಕಾರ ಬದಲಿಸುವವರು ಯಾರು? ಮಸೂರದ ಸುತ್ತ ಉಂಗುರದಂಥ ಒಂದು ಸ್ನಾಯುವಿದೆ, ಅದು ಸಿಲಿಯರಿ ಸ್ನಾಯು. ಕೂದಲಿಗಿಂತ ತೆಳುವಾದ ನೂರಾರು ಎಳೆಗಳು ಮಸೂರವನ್ನು ಆ ಉಂಗುರಕ್ಕೆ ತೂಗುಹಾಕಿ ಹಿಡಿದಿವೆ. 1855ರಲ್ಲಿ ಜರ್ಮನಿಯ ಹರ್ಮನ್ ಫಾನ್ ಹೆಲ್ಮ್‌ಹೋಲ್ಟ್ಸ್ ಇದು ಕೆಲಸ ಮಾಡುವ ರೀತಿಯನ್ನು ವಿವರಿಸಿದ. ಸ್ನಾಯು ಬಿಗಿಯಾದಾಗ ಉಂಗುರ ಚಿಕ್ಕದಾಗುತ್ತದೆ, ಎಳೆಗಳು ಸಡಿಲವಾಗುತ್ತವೆ, ಮಸೂರ ಉಬ್ಬುತ್ತದೆ. ಆಗ ಹತ್ತಿರದ್ದು ಸ್ಪಷ್ಟ. ಸ್ನಾಯು ಸಡಿಲವಾದಾಗ ಉಂಗುರ ಹಿಗ್ಗುತ್ತದೆ, ಎಳೆಗಳು ಬಿಗಿಯಾಗುತ್ತವೆ, ಮಸೂರ ಚಪ್ಪಟೆಯಾಗುತ್ತದೆ. ಆಗ ದೂರದ್ದು ಸ್ಪಷ್ಟ.

ಇದರ ಅರ್ಥ ಏನೆಂದರೆ, ಹತ್ತಿರ ನೋಡುವುದು ಕಣ್ಣಿಗೆ ದುಡಿಮೆ, ದೂರ ನೋಡುವುದು ವಿಶ್ರಾಂತಿ. ಕೈಯನ್ನು ನೇರವಾಗಿ ಮುಂದೆ ಚಾಚಿ ಒಂದು ನೋಟ್‌ಬುಕ್ ಹಿಡಿದು ನಿಂತರೆ ಆಗುವಂಥದ್ದೇ ಇದು. ಪುಸ್ತಕ ಹಗುರ, ಮೊದಲ ನಿಮಿಷ ಏನೂ ಅನ್ನಿಸುವುದಿಲ್ಲ. ಕೈ ಅಲ್ಲಾಡಿಸದೆ ಹಾಗೇ ನಿಂತರೆ ಸ್ವಲ್ಪ ಹೊತ್ತಿಗೆ ಭುಜ ನಡುಗತೊಡಗುತ್ತದೆ. ಕೈ ಇಳಿಸಿ ನಾಲ್ಕು ಸಲ ಕೊಡವಿದರೆ ಮತ್ತೆ ಹಿಡಿಯಬಹುದು.

ಎಷ್ಟು ದುಡಿಮೆ ಎಂಬುದನ್ನೂ ಲೆಕ್ಕ ಹಾಕಬಹುದು. ವಸ್ತು ಎಷ್ಟು ದೂರದಲ್ಲಿದೆ ಎಂದು ಮೀಟರಿನಲ್ಲಿ ಬರೆದುಕೊಳ್ಳಿ, 1ನ್ನು ಆ ಸಂಖ್ಯೆಯಿಂದ ಭಾಗಿಸಿ. ಬರುವ ಉತ್ತರಕ್ಕೆ ಡಯಾಪ್ಟರ್ ಎಂಬ ಅಳತೆ. 6 ಮೀಟರ್ ಆಚೆಯ ಮರಕ್ಕೆ 1 ಭಾಗಿಸು 6, ಅಂದರೆ ಸುಮಾರು 0.17. ಕೈಯಲ್ಲಿ 30 ಸೆಂಟಿಮೀಟರ್ ದೂರ ಹಿಡಿದ ಮೊಬೈಲಿಗೆ 1 ಭಾಗಿಸು 0.3, ಸುಮಾರು 3.3. ಮರ ನೋಡುವುದಕ್ಕಿಂತ ಇದು 20 ಪಟ್ಟು ಹೆಚ್ಚು! ಮಲಗಿಕೊಂಡು ಮೊಬೈಲನ್ನು 20 ಸೆಂಟಿಮೀಟರಿಗೆ ತಂದರೆ 5 ಡಯಾಪ್ಟರ್. ಮೊಬೈಲನ್ನು ಸ್ವಲ್ಪ ದೂರ ಹಿಡಿದರೂ ಕಣ್ಣಿಗೆ ಎಷ್ಟು ಹಗುರವಾಗುತ್ತದೆ ಎಂಬುದನ್ನು ಈ ಭಾಗಾಕಾರವೇ ತೋರಿಸುತ್ತದೆ.

ಅಜ್ಜ ಕನ್ನಡಕವಿಲ್ಲದೆ ಪೇಪರ್ ಓದುವಾಗ ಅದನ್ನು ಕೈ ಚಾಚಿ ದೂರ ಹಿಡಿಯುವುದನ್ನು ನೋಡಿದ್ದೀರಲ್ಲ? ವಯಸ್ಸಾದಂತೆ ಮಸೂರ ಗಡುಸಾಗುತ್ತದೆ, ಉಬ್ಬಲು ಆಗುವುದಿಲ್ಲ. ಹತ್ತಿರ ತಂದರೆ ಅಕ್ಷರ ಮಸುಕಾಗಿ, ಅವರ ಕಣ್ಣು ಕೂಡಲೇ ಎಚ್ಚರಿಸುತ್ತದೆ. ನಿಮ್ಮ ಮಸೂರ ಬಹಳ ಮೃದು. ಪುಸ್ತಕ ಮೂಗಿನ ಹತ್ತಿರಕ್ಕೆ ಬಂದರೂ ಮಸೂರ ಉಬ್ಬಿ ಉಬ್ಬಿ ಚಿತ್ರವನ್ನು ಸ್ಪಷ್ಟ ಮಾಡಿಕೊಡುತ್ತದೆ. ಆದ್ದರಿಂದ ಕಣ್ಣು ದಣಿಯುತ್ತಿರುವುದು ನಿಮಗೆ ಬೇಗ ತಿಳಿಯುವುದೇ ಇಲ್ಲ. ತುಂಬ ಹೊತ್ತಿನ ಮೇಲೆ ತಲೆ ಎತ್ತಿದಾಗ ದೂರದ ಬೋರ್ಡು ಒಂದೆರಡು ಕ್ಷಣ ಮಸುಕಾಗಿ ಕಂಡರೆ, ಸ್ನಾಯು ಇನ್ನೂ ಬಿಗಿ ಬಿಟ್ಟಿಲ್ಲ ಎಂದು ತಿಳಿಯಿರಿ.

ಮೂರು ಇಪ್ಪತ್ತುಗಳು

ಈ ಸ್ನಾಯುವಿಗೆ ಬಿಡುವು ಕೊಡಲು ಒಂದು ಸುಲಭ ಸೂತ್ರವಿದೆ. 20 ನಿಮಿಷಕ್ಕೊಮ್ಮೆ, 20 ಅಡಿಗಿಂತ ದೂರದ ವಸ್ತುವನ್ನು, 20 ಸೆಕೆಂಡು ನೋಡುವುದು. ಅಮೆರಿಕದ ಕ್ಯಾಲಿಫೋರ್ನಿಯಾದ ಜೆಫ್ರಿ ಆನ್ಶೆಲ್ ಎಂಬ ದೃಷ್ಟಿತಜ್ಞ 1990ರ ದಶಕದಲ್ಲಿ ಇದನ್ನು ರೂಪಿಸಿದರು. ಕಂಪ್ಯೂಟರ್ ಮುಂದೆ ದಿನವಿಡೀ ಕೂರುವವರಿಗೆ ನೆನಪಿಡಲು ಸುಲಭವಾಗಲಿ ಎಂದು ಮೂರೂ ಕಡೆ ಒಂದೇ ಸಂಖ್ಯೆ.

20 ಅಡಿ ಅಂದರೆ ಸುಮಾರು 6 ಮೀಟರ್. ಅಷ್ಟು ದೂರದಿಂದ ಬರುವ ಬೆಳಕಿನ ಕಿರಣಗಳು ಕಣ್ಣಿಗೆ ಬರುವಷ್ಟರಲ್ಲಿ ಹೆಚ್ಚುಕಡಿಮೆ ಸಮಾನಾಂತರವಾಗಿರುತ್ತವೆ, ಸಿಲಿಯರಿ ಸ್ನಾಯುವಿಗೆ ಹೆಚ್ಚು ಕೆಲಸವಿಲ್ಲ. ದೂರ ಅಂದಾಜು ಮಾಡಲು ಕ್ರಿಕೆಟ್ ಪಿಚ್ ನೆನೆಸಿಕೊಳ್ಳಿ. ಒಂದು ವಿಕೆಟ್ಟಿನಿಂದ ಇನ್ನೊಂದಕ್ಕೆ 66 ಅಡಿ. ಅದರ ಮೂರನೇ ಒಂದು ಭಾಗ ಎಂದರೆ 22 ಅಡಿ, ಅಷ್ಟು ಸಾಕು. ಮನೆ ಚಿಕ್ಕದಾಗಿದ್ದರೆ ಬಾಗಿಲಿಗೆ ಬಂದು ಬೀದಿಯ ಕೊನೆಯನ್ನು ನೋಡಿ. ದೂರ ಹೆಚ್ಚಾದಷ್ಟೂ ಒಳ್ಳೆಯದೇ.

2023ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಈ ಸೂತ್ರವನ್ನು ಪರೀಕ್ಷಿಸಿದರು. ಲ್ಯಾಪ್‌ಟಾಪ್ ಬಳಸುವವರಿಗೆ ಎರಡು ವಾರ ಕಾಲ ಕಂಪ್ಯೂಟರೇ ಬಿಡುವನ್ನು ನೆನಪಿಸುವಂತೆ ಮಾಡಿದರು. ಅವರ ಕಣ್ಣಿನ ಆಯಾಸ, ಉರಿ ಕಡಿಮೆಯಾದವು. ನೆನಪಿಸುವುದನ್ನು ನಿಲ್ಲಿಸಿ ಒಂದು ವಾರವಾದ ಮೇಲೆ ನೋಡಿದರೆ ಆ ಲಾಭ ಉಳಿದಿರಲಿಲ್ಲ. ಇದರಲ್ಲಿ ನಮಗೊಂದು ಪಾಠವಿದೆ. ಭಾನುವಾರ ಇಡೀ ದಿನ ಮೊಬೈಲು ಮುಟ್ಟದೆ, ಸೋಮವಾರದಿಂದ ಮತ್ತೆ ಎಡೆಬಿಡದೆ ನೋಡಿದರೆ ಕಣ್ಣಿಗೆ ಆಗುವ ಉಪಕಾರ ಅಷ್ಟಕ್ಕಷ್ಟೇ. ಚಿಕ್ಕದಾದರೂ ದಿನದಿನವೂ ತಪ್ಪದ ಬಿಡುವು ಕಣ್ಣಿಗೆ ಹಿತ.

ಒಂದು ಎಚ್ಚರಿಕೆ: ಟ್ಯಾಬಿನಲ್ಲಿ ಪಾಠ ನೋಡಿ ದಣಿದು, ಬಿಡುವೆಂದು ಮೊಬೈಲು ತೆಗೆದರೆ ಅದು ಬಿಡುವಲ್ಲ. ಮನಸ್ಸಿಗೆ ಬೇರೆಯಾಗಿ ಕಂಡರೂ ಸ್ನಾಯುವಿಗೆ ಅದೇ 3.3 ಡಯಾಪ್ಟರಿನ ಕೆಲಸ. ಹತ್ತಿರ ಹಿಡಿದು ಓದುವ ಪುಸ್ತಕಕ್ಕೂ ಈ ಮಾತು ಸಲ್ಲುತ್ತದೆ. ಕಥೆಪುಸ್ತಕ ಓದುವಾಗಲೂ ಆಗಾಗ ತಲೆ ಎತ್ತಿ.

ಬೆಳೆಯುವ ಕಣ್ಣಿಗೆ ಬಯಲು ಬೇಕು

20 ಸೆಕೆಂಡಿನ ಬಿಡುವಿನಿಂದ ಆಗದ ಒಂದು ಕೆಲಸವಿದೆ. ಅದಕ್ಕೆ ದೊಡ್ಡ ಬಿಡುವೇ ಬೇಕು.

ನೀವು ಹುಟ್ಟಿದಾಗ ನಿಮ್ಮ ಕಣ್ಣುಗುಡ್ಡೆ ಮುಂದಿನಿಂದ ಹಿಂದಕ್ಕೆ ಸುಮಾರು 17 ಮಿಲಿಮೀಟರ್ ಉದ್ದವಿತ್ತು. ದೊಡ್ಡವರಾಗುವ ಹೊತ್ತಿಗೆ ಅದು ಸುಮಾರು 24 ಮಿಲಿಮೀಟರ್ ಆಗುತ್ತದೆ. ಬೆಳೆಯುವಾಗ ಕಣ್ಣು ಒಂದು ನಾಜೂಕಾದ ಲೆಕ್ಕ ಇಟ್ಟುಕೊಂಡಿರುತ್ತದೆ. ಮಸೂರ ಮೂಡಿಸುವ ಚಿತ್ರ ಸರಿಯಾಗಿ ಕಣ್ಣಿನ ಹಿಂಭಾಗದ ಅಕ್ಷಿಪಟ ಎಂಬ ಪದರದ ಮೇಲೆ ಬೀಳುವಷ್ಟೇ ಉದ್ದ ಬೆಳೆಯಬೇಕು. ಒಂದೇ ಒಂದು ಮಿಲಿಮೀಟರ್ ಹೆಚ್ಚು ಬೆಳೆದರೂ ಚಿತ್ರ ಅಕ್ಷಿಪಟಕ್ಕಿಂತ ಮುಂದೆಯೇ ಮೂಡಿ, ದೂರದ್ದೆಲ್ಲ ಮಸುಕಾಗುತ್ತದೆ. ಇದೇ ಸಮೀಪದೃಷ್ಟಿ, ವೈದ್ಯರು ಮಯೋಪಿಯಾ ಎನ್ನುವುದು. ಆ ಒಂದು ಮಿಲಿಮೀಟರಿಗೆ ಎರಡೂವರೆಯಿಂದ ಮೂರು ಡಯಾಪ್ಟರಿನ ಕನ್ನಡಕ ಬೇಕಾಗುತ್ತದೆ. ಉದ್ದವಾದ ಕಣ್ಣು ಮತ್ತೆ ಗಿಡ್ಡವಾಗುವುದಿಲ್ಲ.

ಸಮೀಪದೃಷ್ಟಿ ಬರಲು ಅಪ್ಪ ಅಮ್ಮನಿಂದ ಬಂದ ಗುಣಗಳೂ ಕಾರಣ. ಹಾಗಾಗಿ ಕನ್ನಡಕ ಹಾಕುವ ಗೆಳೆಯರನ್ನು "ಮೊಬೈಲು ನೋಡಿ ನೋಡಿ ಹೀಗಾಗಿದೆ" ಎಂದು ಯಾರೂ ಆಡಿಕೊಳ್ಳಬಾರದು. ಆದರೆ ಬದುಕುವ ರೀತಿಯೂ ಇದರಲ್ಲಿ ಸೇರಿದೆ. ಚೀನಾದ ಗ್ವಾಂಗ್‌ಝೌ ನಗರದ 12 ಶಾಲೆಗಳಲ್ಲಿ ಇದನ್ನು ಪರೀಕ್ಷಿಸಿದರು. ಆರು ಶಾಲೆಗಳ ಒಂದನೇ ತರಗತಿಯ ಮಕ್ಕಳಿಗೆ ದಿನವೂ 40 ನಿಮಿಷ ಹೆಚ್ಚಿಗೆ ಹೊರಗೆ ಆಡುವ ಅವಕಾಶ ಕೊಟ್ಟರು. ಉಳಿದ ಆರರಲ್ಲಿ ಎಂದಿನ ವೇಳಾಪಟ್ಟಿಯೇ ನಡೆಯಿತು. ಮೂರು ವರ್ಷಗಳಲ್ಲಿ ಎಂದಿನಂತಿದ್ದ ಶಾಲೆಗಳಲ್ಲಿ ನೂರಕ್ಕೆ ಸುಮಾರು 40 ಮಕ್ಕಳಿಗೆ ಹೊಸದಾಗಿ ಸಮೀಪದೃಷ್ಟಿ ಬಂದಿತು. ಹೊರಗೆ ಆಡಿದವರಲ್ಲಿ ನೂರಕ್ಕೆ ಸುಮಾರು 30 ಮಕ್ಕಳಿಗೆ. 2015ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ತೈವಾನ್ ದೇಶ 2010ರಲ್ಲೇ ಮಕ್ಕಳನ್ನು ದಿನಕ್ಕೆ 120 ನಿಮಿಷ ಹೊರಗೆ ಕಳಿಸುವಂತೆ ಶಾಲೆಗಳನ್ನು ಪ್ರೋತ್ಸಾಹಿಸತೊಡಗಿತ್ತು. ವರ್ಷದಿಂದ ವರ್ಷಕ್ಕೆ ಏರುತ್ತಿದ್ದ ದೃಷ್ಟಿದೋಷದ ಪ್ರಮಾಣ ಅಲ್ಲಿ ಕೆಲವೇ ವರ್ಷಗಳಲ್ಲಿ ಇಳಿಮುಖವಾಯಿತು.

ಹೊರಗೆ ಅಂಥದ್ದೇನಿದೆ? ಮುಖ್ಯವಾಗಿ ಬೆಳಕು. ಬೆಳಕನ್ನು ಲಕ್ಸ್ ಎಂಬ ಮಾನದಲ್ಲಿ ಅಳೆಯುತ್ತಾರೆ. ದೀಪ ಹಚ್ಚಿದ ಕೋಣೆಯಲ್ಲಿ ಕೆಲವು ನೂರು ಲಕ್ಸ್ ಇದ್ದರೆ ಹೆಚ್ಚು. ಹೊರಗೆ ಮರದ ನೆರಳಿನಲ್ಲೇ ಸಾವಿರಾರು ಲಕ್ಸ್, ನಡುಹಗಲಿನ ಬಿಸಿಲಿನಲ್ಲಿ ಸುಮಾರು ಒಂದು ಲಕ್ಷ. ನಮ್ಮ ಕಣ್ಣಿಗೆ ಈ ವ್ಯತ್ಯಾಸ ಅಷ್ಟಾಗಿ ಗೊತ್ತಾಗದಿರಲು ಕಾರಣ, ಕಣ್ಣು ಎರಡಕ್ಕೂ ಹೊಂದಿಕೊಂಡುಬಿಡುತ್ತದೆ. ಒಳ್ಳೆಯ ಬೆಳಕು ಬಿದ್ದಾಗ ಅಕ್ಷಿಪಟದಲ್ಲಿ ಡೋಪಮಿನ್ ಎಂಬ ರಾಸಾಯನಿಕ ಬಿಡುಗಡೆಯಾಗುತ್ತದೆ. ಕಣ್ಣು ಅತಿಯಾಗಿ ಉದ್ದ ಬೆಳೆಯದಂತೆ ತಡೆಯುವುದರಲ್ಲಿ ಅದರ ಪಾತ್ರವಿದೆ ಎಂದು ಕೋಳಿಮರಿಗಳ ಮೇಲಿನ ಪ್ರಯೋಗಗಳಿಂದ ವಿಜ್ಞಾನಿಗಳು ಕಂಡುಕೊಂಡಿದ್ದಾರೆ. ಇದಕ್ಕಾಗಿ ಬಿಸಿಲಿನಲ್ಲಿ ಬೇಯಬೇಕಾಗಿಲ್ಲ. ಸೂರ್ಯನನ್ನಂತೂ ನೇರವಾಗಿ ನೋಡಲೇಬಾರದು. ಹೊಂಗೆ ಮರದಡಿಯಲ್ಲಿ ಲಗೋರಿ ಆಡಿದರೂ ಕಣ್ಣಿಗೆ ಬೇಕಾದ ಬೆಳಕು ಸಿಗುತ್ತದೆ.

ಮಿದುಳು ಬಿಡುವಿನಲ್ಲೂ ಓದುತ್ತದೆ

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು 2019ರಲ್ಲಿ ಒಂದು ಸೊಗಸಾದ ಪ್ರಯೋಗವನ್ನು ಪ್ರಕಟಿಸಿದರು. ಬಲಗೈ ಬಳಸುವ ಜನರಿಗೆ ಎಡಗೈಯಿಂದ 41324 ಎಂಬ ಅಂಕಿಗಳನ್ನು ಸಾಧ್ಯವಾದಷ್ಟು ಬೇಗ ಬೇಗ ಒತ್ತಲು ಹೇಳಿದರು. 10 ಸೆಕೆಂಡು ಒತ್ತುವುದು, 10 ಸೆಕೆಂಡು ಸುಮ್ಮನೆ ಕೂರುವುದು, ಮತ್ತೆ ಒತ್ತುವುದು. ಜನರ ವೇಗ ಹೆಚ್ಚುತ್ತಾ ಹೋಯಿತು. ಎಲ್ಲಿ ಹೆಚ್ಚಿತು ಎಂದು ಸೂಕ್ಷ್ಮವಾಗಿ ನೋಡಿದಾಗ ಅವರಿಗೇ ಆಶ್ಚರ್ಯ ಕಾದಿತ್ತು. ಬೆರಳಾಡಿಸುತ್ತಿದ್ದಾಗ ಹೆಚ್ಚಿದ್ದಕ್ಕಿಂತ ಸುಮ್ಮನೆ ಕೂತು ಎದ್ದ ಮೇಲೆ ಹೆಚ್ಚಿದ್ದೇ ಬಹಳ. ಆ ಪುಟ್ಟ ಬಿಡುವಿನಲ್ಲಿ ಮಿದುಳು ಆಗತಾನೇ ಕಲಿತದ್ದನ್ನು ಮತ್ತೆ ಮತ್ತೆ ತಿರುವಿ ಹಾಕುತ್ತದೆ ಎಂದು ಅದೇ ತಂಡ ಮುಂದೆ ವರದಿ ಮಾಡಿತು.

ನೀವು ಮಗ್ಗಿ ಕಲಿತ ಕೂಡಲೇ, ವಿಜ್ಞಾನದ ಪಾಠ ಓದಿದ ಕೂಡಲೇ ವಿಡಿಯೊ ಹಾಕಿದರೆ ಮಿದುಳಿಗೆ ಆ ತಿರುವಿ ಹಾಕುವ ಹೊತ್ತು ಸಿಗುವುದಿಲ್ಲ. ಎದ್ದು ನೀರು ಕುಡಿಯಿರಿ, ಗಿಡಕ್ಕೊಂದು ಚೊಂಬು ನೀರು ಹಾಕಿ, ಸುಮ್ಮನೆ ಅಂಗಳದಲ್ಲಿ ತಿರುಗಾಡಿ. ಬಗ್ಗಿದ್ದ ಕತ್ತಿಗೂ ಅಷ್ಟರಲ್ಲಿ ವಿರಾಮ ಸಿಗುತ್ತದೆ.

ರಾತ್ರಿಯ ಬಿಡುವು ಇನ್ನೂ ಮುಖ್ಯ. ಕತ್ತಲಾಗುತ್ತಿದ್ದಂತೆ ಮಿದುಳಿನ ಒಂದು ಪುಟ್ಟ ಗ್ರಂಥಿ ಮೆಲಟೋನಿನ್ ಎಂಬ ಹಾರ್ಮೋನನ್ನು ಬಿಡುಗಡೆ ಮಾಡಿ, ಮಲಗುವ ಹೊತ್ತಾಯಿತು ಎಂದು ಮೈಗೆ ತಿಳಿಸುತ್ತದೆ. ಅಕ್ಷಿಪಟದಲ್ಲಿ, ಚಿತ್ರ ನೋಡುವುದಕ್ಕಿಂತ ಹಗಲು ರಾತ್ರಿಯನ್ನು ಗುರುತಿಸುವುದೇ ಮುಖ್ಯ ಕೆಲಸವಾಗಿರುವ ಕೆಲವು ವಿಶೇಷ ಕೋಶಗಳಿವೆ. ನೀಲಿ ಛಾಯೆಯ ಬೆಳಕಿಗೆ ಅವು ಬೇಗ ಸ್ಪಂದಿಸುತ್ತವೆ. ಮಲಗುವ ಮುಂಚೆ ಪ್ರಕಾಶಮಾನವಾದ ಪರದೆ ನೋಡುತ್ತಿದ್ದರೆ ಆ ಕೋಶಗಳು "ಇನ್ನೂ ಹಗಲಿದೆ" ಎಂದು ಸುದ್ದಿ ಕಳಿಸುತ್ತವೆ, ನಿದ್ದೆ ಹಿಂದಕ್ಕೆ ಸರಿಯುತ್ತದೆ. ಮಲಗುವುದಕ್ಕೆ ಒಂದು ಗಂಟೆ ಮುಂಚೆಯೇ ಪರದೆ ಆರಿಸಿದರೆ ಒಳ್ಳೆಯದು.

ಮುಗಿಯದ ಪುಟ

ಇಷ್ಟೆಲ್ಲ ತಿಳಿದ ಮೇಲೂ ನಿಲ್ಲಿಸುವುದು ಕಷ್ಟವಾಗುತ್ತದೆ. ಅದು ನಿಮ್ಮ ಸೋಮಾರಿತನವೂ ಅಲ್ಲ, ಹಟವೂ ಅಲ್ಲ.

ಪುಸ್ತಕಕ್ಕೆ ಕೊನೆಯ ಪುಟವಿದೆ. ಯಕ್ಷಗಾನಕ್ಕೆ ಮಂಗಳವಿದೆ. ಕಬಡ್ಡಿಗೆ ಸೀಟಿ ಇದೆ. ಮೊಬೈಲಿನಲ್ಲಿ ಬೆರಳು ಸರಿಸುತ್ತಾ ಹೋದರೆ ಮಾತ್ರ ಪುಟ ಮುಗಿಯುವುದೇ ಇಲ್ಲ. ಹೀಗೆ ಕೊನೆಯಿಲ್ಲದೆ ಉರುಳುವ ಪುಟವನ್ನು 2006ರಲ್ಲಿ ವಿನ್ಯಾಸ ಮಾಡಿದವರು ಅಮೆರಿಕದ ಏಜಾ ರಾಸ್ಕಿನ್. ಜನರಿಗೆ ಮುಂದಿನ ಪುಟದ ಗುಂಡಿ ಒತ್ತುವ ಶ್ರಮ ತಪ್ಪಲಿ ಎಂಬುದು ಅವರ ಆಶಯವಾಗಿತ್ತು. ಅದು ಜನರ ಹೊತ್ತನ್ನು ಹೇಗೆ ನುಂಗುತ್ತಿದೆ ಎಂದು ನೋಡಿದ ಮೇಲೆ ಅವರೇ ಬಹಿರಂಗವಾಗಿ ವಿಷಾದಿಸಿದ್ದಾರೆ.

ಇನ್ನೊಂದು ಕಾರಣವೂ ಇದೆ. ಬಿ. ಎಫ್. ಸ್ಕಿನ್ನರ್ ಎಂಬ ಮನೋವಿಜ್ಞಾನಿ ಪಾರಿವಾಳಗಳ ಮೇಲೆ ಪ್ರಯೋಗ ಮಾಡಿದ್ದರು. ಗುಂಡಿಯನ್ನು ಕೊಕ್ಕಿನಿಂದ ಕುಟ್ಟಿದರೆ ಕಾಳು ಬೀಳುತ್ತಿತ್ತು. ಎಷ್ಟು ಸಲ ಕುಟ್ಟಿದರೆ ಬೀಳುತ್ತದೆ ಎಂಬುದು ನಿಶ್ಚಿತವಾಗಿದ್ದಾಗ ಪಾರಿವಾಳ ಕಾಳು ತಿಂದು ಸ್ವಲ್ಪ ಸುಧಾರಿಸಿಕೊಳ್ಳುತ್ತಿತ್ತು. ಯಾವಾಗ ಬೀಳುತ್ತದೆ ಎಂದು ಹೇಳಲಾಗದಂತೆ ಮಾಡಿದಾಗ ಬಿಡುವೇ ಇಲ್ಲದೆ ಕುಟ್ಟುತ್ತಿತ್ತು. ಮುಂದಿನ ವಿಡಿಯೊ ಸಪ್ಪೆ ಇರಬಹುದು, ಬಹಳ ತಮಾಷೆಯದೂ ಇರಬಹುದು. ಆ "ಇರಬಹುದು" ಎಂಬುದೇ ಹೆಬ್ಬೆರಳನ್ನು ಓಡಿಸುತ್ತಲೇ ಇರುತ್ತದೆ.

ಪರದೆ ತಾನಾಗಿ ಮುಗಿಯದಿದ್ದರೆ ಕೊನೆಯನ್ನು ನಾವೇ ಗೊತ್ತುಮಾಡಬೇಕು, ಅದೂ ನೋಡಲು ಶುರುಮಾಡುವ ಮುಂಚೆ. ನಮ್ಮ ಬೆಳಗಾವಿ, ವಿಜಯಪುರ ಜಿಲ್ಲೆಗಳಿಗೆ ತಾಗಿಕೊಂಡೇ ಇರುವ ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯಲ್ಲಿ ವಡಗಾಂವ್ ಎಂಬ ಹಳ್ಳಿ ಇದೆ. 2022ರ ಆಗಸ್ಟ್‌ನಲ್ಲಿ ಆ ಊರಿನವರು ಸಭೆ ಸೇರಿ ಒಂದು ನಿರ್ಧಾರಕ್ಕೆ ಬಂದರು. ಸಂಜೆ 7 ಗಂಟೆಗೆ ಊರಿನಲ್ಲಿ ಸೈರನ್ ಕೂಗುವುದು. ಕೂಗಿದ ಕೂಡಲೇ ಎಲ್ಲ ಮನೆಗಳಲ್ಲೂ ಟಿವಿ, ಮೊಬೈಲು ಬಂದ್. ಎಂಟೂವರೆಗೆ ಮತ್ತೆ ಸೈರನ್ ಆಗುವವರೆಗೆ ಮಕ್ಕಳು ಓದುವುದು, ದೊಡ್ಡವರು ಮಾತುಕತೆ ಆಡುವುದು. ಈ ಯೋಜನೆಯಲ್ಲಿ ನನಗೆ ಬಹಳ ಹಿಡಿಸಿದ್ದು ಇದು: ನಿಯಮ ಮಕ್ಕಳಿಗಷ್ಟೇ ಅಲ್ಲ, ಇಡೀ ಊರಿಗೆ. ಎಲ್ಲರೂ ಒಟ್ಟಿಗೆ ಆರಿಸಿದರೆ "ನಾನೊಬ್ಬನೇ ಯಾಕೆ?" ಎಂಬ ಬೇಸರ ಯಾರಿಗೂ ಇರುವುದಿಲ್ಲ.

ಎಷ್ಟು ಪ್ರಯತ್ನಪಟ್ಟರೂ ಬಿಡಲಾಗದಿದ್ದರೆ, ಊಟ ನಿದ್ದೆ ಓದು ಎಲ್ಲವೂ ಕೆಡುತ್ತಿದ್ದರೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಇಂಥವರಿಗೆಂದೇ 2014ರಲ್ಲಿ ಶಟ್ ಕ್ಲಿನಿಕ್ ತೆರೆಯಿತು. ಅಲ್ಲಿ ಯಾರೂ ಗದರಿಸುವುದಿಲ್ಲ, ಕೂತು ಮಾತಾಡಿ ದಾರಿ ತೋರಿಸುತ್ತಾರೆ.

ನಿಮ್ಮ ಮನೆಯ ಸೈರನ್

ಈಗ ನಿಮ್ಮ ಮನೆಗೊಂದು ಸೈರನ್ ಹುಡುಕಿ. ಅದು ಸಂಜೆ ದೇವರ ದೀಪ ಹಚ್ಚುವ ಹೊತ್ತಾಗಬಹುದು, ಕುಕ್ಕರಿನ ಮೂರನೇ ಸೀಟಿಯಾಗಬಹುದು, ಅಡುಗೆಮನೆಯ ಗಡಿಯಾರದ ಅಲಾರಂ ಆಗಬಹುದು. ಆ ಸದ್ದಾದ ಕೂಡಲೇ ಮನೆಯ ಎಲ್ಲ ಮೊಬೈಲುಗಳೂ ಒಂದೇ ಬುಟ್ಟಿಗೆ. ಅಪ್ಪ ಅಮ್ಮನ ಮೊಬೈಲುಗಳೂ ಸೇರಲಿ. ಮನೆಯಲ್ಲಿ ಪುಟ್ಟ ತಮ್ಮ ತಂಗಿಯರಿದ್ದರೆ ಇನ್ನೂ ಹೆಚ್ಚಿನ ಕಾಳಜಿ ಬೇಕು. ಎರಡರಿಂದ ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ಪರದೆಯ ಮುಂದೆ ಕೂರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಎರಡು ವರ್ಷ ತುಂಬದ ಕೂಸಿಗೆ ಪರದೆ ಬೇಡವೇ ಬೇಡ.

ಜೊತೆಗೆ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಮೊದಲ ವಾರ ಎಂದಿನಂತೆಯೇ ಇದ್ದು, ದಿನವೂ ಮಲಗುವ ಮುಂಚೆ ನಾಲ್ಕು ಪ್ರಶ್ನೆಗಳಿಗೆ ಉತ್ತರ ಬರೆಯಿರಿ. ಇಂದು ಕಣ್ಣುರಿ ಇತ್ತೇ? ತಲೆನೋವು ಬಂತೇ? ಎಷ್ಟು ಹೊತ್ತು ಹೊರಗೆ ಆಡಿದೆ? ನಿನ್ನೆ ರಾತ್ರಿ ನಿದ್ದೆ ಬೇಗ ಬಂತೇ? ಎರಡನೇ ವಾರ ಮೂರು ಇಪ್ಪತ್ತುಗಳ ಸೂತ್ರವನ್ನೂ ಮನೆಯ ಸೈರನ್ನನ್ನೂ ಪಾಲಿಸಿ, ಅದೇ ಪ್ರಶ್ನೆಗಳಿಗೆ ಉತ್ತರ ಬರೆಯಿರಿ. ಎರಡೂ ವಾರಗಳನ್ನು ಹೋಲಿಸಿ ನೋಡಿ. ವಿಜ್ಞಾನಿಗಳು ಮಾಡುವುದೂ ಹೀಗೆಯೇ. ನಾನು ಹೇಳಿದೆ ಅಂತ ನಂಬಬೇಡಿ, ನಿಮ್ಮ ಪುಸ್ತಕ ಏನು ಹೇಳುತ್ತದೆ ನೋಡಿ.

ಆ ಪುಸ್ತಕದಲ್ಲಿ "ತರಗತಿಯಲ್ಲಿ ಬೋರ್ಡು ಮಸುಕು" ಎಂದು ಒಂದಕ್ಕಿಂತ ಹೆಚ್ಚು ದಿನ ಬರೆಯಬೇಕಾಗಿ ಬಂದರೆ, ಅಥವಾ ಬಿಡುವು ಕೊಟ್ಟರೂ ತಲೆನೋವು ಹೋಗದಿದ್ದರೆ, ಅದನ್ನು ಮನೆಯವರಿಗೂ ನಿಮ್ಮ ಟೀಚರಿಗೂ ತೋರಿಸಿ. ಕಣ್ಣಿನ ವೈದ್ಯರು ಕೆಲವೇ ನಿಮಿಷಗಳಲ್ಲಿ ಪರೀಕ್ಷೆ ಮಾಡಿ ಹೇಳುತ್ತಾರೆ. ಕನ್ನಡಕ ಬೇಕೆಂದರೆ ಸಂಕೋಚಪಡದೆ ಹಾಕಿಕೊಳ್ಳಿ. ಬೇಡವೆಂದರೆ ಸಂತೋಷ. ಎರಡರಲ್ಲಿ ಯಾವುದೇ ಆಗಲಿ, ನಾಳೆಯೂ 20 ನಿಮಿಷಕ್ಕೊಮ್ಮೆ ತಲೆ ಎತ್ತಿ ದೂರ ನೋಡುವುದನ್ನು ಮಾತ್ರ ಮರೆಯಬೇಡಿ.